ಬಸರೂರಿನಲ್ಲಿ ಅರ್ಧ ದಿನ

ಪುಣೆಗೆ ಹೊಸದಾಗಿ ಬಂದ ನೆಂಟರಿಷ್ಟರನ್ನು ನಾವು ಎಲ್ಲಿಗೆ ಕರೆದೊಯ್ಯುತ್ತೇವೆ? ಶನಿವಾರವಾಡೆಗೆ, ಲಾಲ್ ಮಹಲಿಗೆ, ಕೇಳ್ಕರ್ ವಸ್ತುಸಂಗ್ರಹಾಲಯಕ್ಕೆ, ಪುರುಸೊತ್ತಿದ್ದರೆ ಸಿಂಹಗಡಕ್ಕೆ. 'ಪುಣೆ ದರ್ಶನ'ದ ಬಸ್ಸನ್ನು ಹತ್ತಿಸಿಬಿಟ್ಟರೆ ಒಂದೇ ದಿನದಲ್ಲಿ ಮುಖ್ಯ ಸ್ಥಳಗಳೆಲ್ಲ ಮುಗಿದು, ಸಂಜೆಗೆ ಅವರು ಪೇಶವೆಯರ ಕಾಲದಲ್ಲಿ ತಾವೂ ಇದ್ದು ಬಂದವರಂತೆ ಮಾತನಾಡತೊಡಗುತ್ತಾರೆ. ಈ ಪಟ್ಟಣದವರಿಗೆ ತಮ್ಮ ಊರನ್ನು ತೋರಿಸುವುದು ಗೊತ್ತಿದೆ.

ಈಗ ಇದಕ್ಕೆ ಪ್ರತಿಯಾಗಿ ಇನ್ನೊಂದನ್ನು ಯೋಚಿಸಿರಿ. ನಮ್ಮ ಹೋಟೆಲಿಗೆ ನಿತ್ಯವೂ ಬರುವ ಮರಾಠಿ ಗಿರಾಕಿಯೊಬ್ಬರು ಬಿಲ್ಲು ಕೊಡುವಾಗ, "ನಿಮ್ಮ ಊರ ಕಡೆಗೆ ಬಂದರೆ ನೋಡತಕ್ಕದ್ದೇನಿದೆ?" ಎಂದು ಕೇಳುತ್ತಾರೆ. ಗಲ್ಲೆಯ ಮೇಲೆ ಕುಳಿತವರು ಉಡುಪಿಯ ಶ್ರೀಕೃಷ್ಣನನ್ನೂ ಕೊಲ್ಲೂರಿನ ಮೂಕಾಂಬಿಕೆಯನ್ನೂ ಹೆಸರಿಸಿ ಸುಮ್ಮನಾಗುತ್ತಾರೆ. ದೇವರ ಹೆಸರು ಬಂದದ್ದು ಸರಿಯೇ. ಆದರೆ ಆ ಎರಡು ಕ್ಷೇತ್ರಗಳ ನಡುವೆ, ಹೆದ್ದಾರಿಯಿಂದ ಸ್ವಲ್ಪವೇ ಒಳಗೆ, ಒಂದು ಕಾಲಕ್ಕೆ ಅರಬಸ್ತಾನದವರೂ ಪಾರಸಿಯವರೂ ಪೋರ್ಚುಗೀಜರೂ ಹೆಸರು ಹಿಡಿದು ಹುಡುಕಿಕೊಂಡು ಬರುತ್ತಿದ್ದ ಒಂದು ಬಂದರು ಇದೆಯೆಂಬುದು ನಮಗೆ ನೆನಪಾಗುವುದಿಲ್ಲ. ಆ ಊರು ಬಸರೂರು. ನಮ್ಮ ವಾಚಕರಲ್ಲಿ ಬಹುಮಂದಿ ಕುಂದಾಪುರ, ಬೈಂದೂರು, ಉಡುಪಿ ಸೀಮೆಯವರು. ರಜೆಯಲ್ಲಿ ಊರಿಗೆ ಹೋಗುವಾಗ ಅದರ ಮಗ್ಗುಲಿನಿಂದಲೇ ಹಾದು ಹೋಗುತ್ತಾರೆ. ಇಳಿದು ನೋಡಿದವರು ವಿರಳ.

ಹಳೆಯ ಬಂದರನ್ನು ಅರ್ಧ ದಿನದಲ್ಲಿ ನಡೆದು ನೋಡುವ ಪದ್ಧತಿ ಪರದೇಶಗಳಲ್ಲಿ ಚೆನ್ನಾಗಿ ಬೇರೂರಿದೆ. ಕೆರಿಬಿಯನ್ ಸಮುದ್ರದಲ್ಲಿ ಕುರಸಾವೋ ಎಂಬ ಚಿಕ್ಕ ದ್ವೀಪವಿದೆ. 1634ರಲ್ಲಿ ಡಚ್ಚರು ಅದನ್ನು ಹಿಡಿದು ವಿಲೆಮ್‌ಸ್ಟಾಡ್ ಎಂಬ ಬಂದರು ಪಟ್ಟಣವನ್ನು ಬೆಳೆಸಿದರು. 1997ರಲ್ಲಿ ಆ ಪಟ್ಟಣವು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಪ್ರವಾಸಿ ಹಡಗುಗಳಲ್ಲಿ ಬಂದವರು ದಡಕ್ಕಿಳಿದು, ಮಾರ್ಗದರ್ಶಕನ ಹಿಂದೆ ಕೆಲವು ಬೀದಿ ಸುತ್ತಿ, ಬಣ್ಣಬಣ್ಣದ ಹಳೆಯ ಮನೆಗಳನ್ನೂ ಕೋಟೆಯನ್ನೂ ನೋಡಿ ಹಡಗಿಗೆ ಮರಳುತ್ತಾರೆ. ಆದರೆ ನಮಗೆ ಮೆಚ್ಚುಗೆಯಾದುದು ಆ ಬಣ್ಣವಲ್ಲ. ಆ ಊರಿಗೆ ಐಶ್ವರ್ಯ ಬಂದದ್ದು ಆಫ್ರಿಕದಿಂದ ಹಿಡಿದು ತಂದ ಗುಲಾಮರ ವ್ಯಾಪಾರದಿಂದಲೂ ಹೌದು. ಆ ದುರಾಚಾರದ ಕಥೆಯನ್ನು ಹೇಳುವುದಕ್ಕೆಂದೇ 1999ರಲ್ಲಿ ಅಲ್ಲಿ ಒಂದು ವಸ್ತುಸಂಗ್ರಹಾಲಯವನ್ನು ತೆರೆದಿದ್ದಾರೆ. ಊರನ್ನು ತೋರಿಸುವುದೆಂದರೆ ಜಮೆಯನ್ನೂ ಖರ್ಚನ್ನೂ ಒಂದೇ ಕಿರ್ದಿಯಲ್ಲಿ ತೋರಿಸುವುದೆಂದು ಆ ಜನ ಒಪ್ಪಿಕೊಂಡಿದ್ದಾರೆ. ನಾವೂ ಇಂದು ಅದೇ ಕ್ರಮದಲ್ಲಿ ಬಸರೂರನ್ನು ಸುತ್ತಿ ಬರೋಣ.

ಹೋಗುವ ದಾರಿ

1998ರಲ್ಲಿ ಕೊಂಕಣ ರೈಲ್ವೆ ಪೂರ್ತಿಯಾಗಿ ತೆರೆದ ಮೇಲೆ ಪುಣೆಯ ನಮ್ಮವರಿಗೆ ಊರು ಹತ್ತಿರವಾಗಿದೆ. ಕುಂದಾಪುರದ ರೈಲು ನಿಲ್ದಾಣವಿರುವುದು ಪೇಟೆಯಲ್ಲಲ್ಲ, ಮೂಡ್ಲಕಟ್ಟೆಯಲ್ಲಿ. ಅಲ್ಲಿಂದ ಬಸರೂರು ಕೂಗಳತೆಯಲ್ಲವಾದರೂ ರಿಕ್ಷಾದವರು ಚೌಕಾಶಿ ಮಾಡದೆ ಬರುವಷ್ಟು ಸಮೀಪ. ಕುಂದಾಪುರ ಪೇಟೆಯಿಂದ ಹೊರಡುವವರು ಹೆದ್ದಾರಿಯ ಬಸ್ರೂರು ಮೂರುಕೈಯಲ್ಲಿ ಪೂರ್ವಕ್ಕೆ ತಿರುಗಬೇಕು. ಪೇಟೆಯಿಂದ ಒಟ್ಟು ಸುಮಾರು 7 ಕಿಲೋಮೀಟರು. ಮಳೆಗಾಲ ಮುಗಿದ ಮೇಲಿನ ದಿನಗಳು ಉತ್ತಮ. ಮುಂಜಾನೆ ಎಂಟಕ್ಕೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಮನೆಗೆ ತಲುಪಬಹುದು. ಇಲ್ಲಿ ಚೀಟಿ ಕೊಟ್ಟು ಸುತ್ತಿಸುವ ಬಸ್ಸಿಲ್ಲ. ಊರಿನ ಹಿರಿಯರೊಬ್ಬರನ್ನು ವಿನಯದಿಂದ ಮಾತನಾಡಿಸಿದರೆ ಅವರೇ ಮಾರ್ಗದರ್ಶಕರು.

ಅಳಿವೆಯಲ್ಲಿ ನಿಂತು

ಬಸರೂರಿಗೆ ಹೋಗುವ ಮೊದಲು ಕುಂದಾಪುರದ ಅಳಿವೆಯ ಬಳಿ ಹತ್ತು ನಿಮಿಷ ನಿಲ್ಲತಕ್ಕದ್ದು. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ನದಿಗಳು ಇಲ್ಲಿ ಕೂಡಿ ಕಡಲಿಗೆ ಸೇರುತ್ತವೆ. ಪಂಚಗಂಗಾವಳಿ ಎಂಬ ಹೆಸರು ಅದರಿಂದಲೇ ಬಂದುದು. ಎದುರಿನ ದಡದಲ್ಲಿ ಗಂಗೊಳ್ಳಿಯ ಮೀನುಗಾರರ ದೋಣಿಗಳು. ಹಿಂದಿನ ಕಾಲದ ಹಾಯಿ ಹಡಗುಗಳು ಈ ಅಳಿವೆಯಿಂದ ಒಳನುಗ್ಗಿ, ವಾರಾಹಿಯ ಪ್ರವಾಹದಲ್ಲಿ ಮೇಲಕ್ಕೆ ಸಾಗಿದರೆ ಬಸರೂರಿನ ದಂಡೆ. ಸಮುದ್ರದ ಬಿರುಗಾಳಿ ತಟ್ಟದಷ್ಟು ಒಳಗೆ, ಘಟ್ಟದ ಸರಕು ಬಂದು ಸೇರುವಷ್ಟು ಹತ್ತಿರ: ಬಂದರಿಗೆ ಇದಕ್ಕಿಂತ ಒಳ್ಳೆಯ ಜಾಗ ಆಗಿನವರಿಗೆ ಬೇಕಾಗಿರಲಿಲ್ಲ.

ಈ ಅಳಿವೆಯನ್ನು ಹಿಡಿದವನ ಕೈಯಲ್ಲಿ ಬಸರೂರಿನ ಕುತ್ತಿಗೆ ಇದ್ದಂತೆ. ಪೋರ್ಚುಗೀಜರು ಇದನ್ನು ಬಲ್ಲರು. 1565ರ ರಕ್ಕಸ-ತಂಗಡಿಯ ಯುದ್ಧದಲ್ಲಿ ವಿಜಯನಗರದ ಬಲ ಕುಂದಿದ ನಾಲ್ಕೇ ವರ್ಷಕ್ಕೆ, 1569ರಲ್ಲಿ, ಅವರ ವೈಸರಾಯ್ ದೊಂ ಲೂಯಿಸ್ ದ ಅತಾಯ್ದೆ ಬಂದು ಇಲ್ಲಿ ಕಾಲೂರಿದನು. ಅಳಿವೆಯ ಬಳಿಯ ಕೋಟೆ ಅವರದಾಯಿತು. ಕುಂದಾಪುರದ ರೋಜರಿ ಮಾತೆಯ ಇಗರ್ಜಿಯೂ ಆ ಕಾಲದ್ದೇ, 1570ರಷ್ಟು ಹಿಂದಿನ ಸ್ಥಾಪನೆಯದೆಂದು ಪ್ರಸಿದ್ಧವಾದುದು. ಹೋಗುವ ದಾರಿಯಲ್ಲಿ ಅದನ್ನೂ ನೋಡಬಹುದು. ಅಂದಿನಿಂದ ಪರದೇಶದವರ ಬರವಣಿಗೆಯಲ್ಲಿ ಎರಡು ಬಸರೂರುಗಳು ಕಾಣಿಸಿಕೊಂಡವು. 1623ರಲ್ಲಿ ಇಲ್ಲಿಗೆ ಬಂದಿದ್ದ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲೆ, ಕಡಲಂಚಿನ ಕೆಳಗಿನ ಬಸರೂರು ಪೋರ್ಚುಗೀಜರದು, ಒಳನಾಡಿನ ಮೇಲಿನ ಬಸರೂರು ಇಕ್ಕೇರಿಯ ವೆಂಕಟಪ್ಪ ನಾಯಕನ ಅಧೀನದ್ದು ಎಂದು ಬೇರ್ಪಡಿಸಿ ಬರೆದಿದ್ದಾನೆ. ಮುಂದೆ 1652ರಿಂದ 1654ರ ಅವಧಿಯಲ್ಲಿ ಕೆಳದಿಯ ಶಿವಪ್ಪ ನಾಯಕನು ಕರಾವಳಿಯ ಪೋರ್ಚುಗೀಜ್ ಕೋಟೆಗಳನ್ನು ಗೆದ್ದುಕೊಂಡಾಗ ಈ ಕೋಟೆಯೂ ಅವರ ಕೈಬಿಟ್ಟಿತು. ಈ ಇಸವಿಯನ್ನು ವಾಚಕರು ನೆನಪಿನಲ್ಲಿಡಬೇಕು; ಮುಂದೆ ಇದರ ಕೆಲಸವಿದೆ.

ಸೆಟ್ಟಿಕಾರರ ಊರು

ಈಗ ಮೇಲಿನ ಬಸರೂರಿಗೆ ಬರೋಣ. ತೆಂಗು, ಅಡಕೆ, ಗದ್ದೆಗಳ ನಡುವಿನ ಪ್ರಶಾಂತವಾದ ಊರು. ಇಷ್ಟು ಚಿಕ್ಕ ಊರಿಗೆ ಇಷ್ಟೊಂದು ದೇವಾಲಯಗಳು ಏಕೆಂದು ಮೊದಲ ಸಲ ಬಂದವರಿಗೆ ಅನಿಸದಿರದು. ಅದಕ್ಕೆ ಉತ್ತರ ವ್ಯಾಪಾರವೇ. ಸಮುದ್ರದಲ್ಲಿ ಹಣ ಹೂಡಿದವರು ದಡದಲ್ಲಿ ದೇವರನ್ನು ಮರೆಯುವುದಿಲ್ಲ.

ಮೊದಲು ಮಹಾಲಿಂಗೇಶ್ವರನ ಸನ್ನಿಧಿಗೆ ಹೋಗತಕ್ಕದ್ದು. ದರ್ಶನವಾದ ಮೇಲೆ, ಅವಸರ ಮಾಡದೆ, ಶಿಲಾಶಾಸನಗಳ ಮುಂದೆ ನಿಲ್ಲಬೇಕು. ಈ ಊರಿನ ಶಾಸನಗಳು ವಿಜಯನಗರದ ಕಾಲದ ವ್ಯಾಪಾರವನ್ನು ತಿಳಿಯಲು ಪಂಡಿತರಿಗೆ ಬಹಳ ಸಹಾಯ ಮಾಡಿವೆ. ಗುಮಾಸ್ತರ ಕೆಲಸ ಮಾಡುವ ನಮ್ಮ ವಾಚಕರಿಗೆ ಶಾಸನವೆಂದರೆ ಭಯ ಬೇಡ. ಅದು ಕಲ್ಲಿನ ಮೇಲೆ ಬರೆದ ದಸ್ತಾವೇಜು, ಅಷ್ಟೇ. ಮೇಲ್ಭಾಗದಲ್ಲಿ ಸಾಮಾನ್ಯವಾಗಿ ಸೂರ್ಯಚಂದ್ರರನ್ನು ಕಡೆದಿರುತ್ತಾರೆ; ಆ ಎರಡೂ ಇರುವ ತನಕ ಈ ಕರಾರು ನಡೆಯತಕ್ಕದ್ದು ಎಂದು ಅದರರ್ಥ. ಕೆಳಗೆ ಶಕ ವರ್ಷ, ಸಂವತ್ಸರ, ತಿಥಿ. ಆಮೇಲೆ ಆಳುವ ಅರಸನ ಹೆಸರು. ಆಮೇಲೆ ಯಾರು ಯಾರಿಗೆ ಏನು ಕೊಟ್ಟರೆಂಬ ವಿವರ. ಕೊನೆಗೆ ಅದನ್ನು ಕೆಡಿಸಿದವನಿಗೆ ಶಾಪ. ಶಕ ವರ್ಷಕ್ಕೆ 78 ಕೂಡಿಸಿದರೆ ಇಸವಿ ಸಿಗುತ್ತದೆ: ಶಕ 1400 ಎಂದಿದ್ದರೆ ಇಸವಿ 1478. ಇಷ್ಟು ತಿಳಿದರೆ ಕಲ್ಲು ಮಾತನಾಡತೊಡಗುತ್ತದೆ.

ಆ ಕಲ್ಲುಗಳು ಆಡುವ ಮಾತೇನು? ಪಡುವಕೇರಿ, ಮೂಡುಕೇರಿ ಎಂದು ಊರಿಗೆ ಎರಡು ಪ್ರಮುಖ ಕೇರಿಗಳು. ಕೇರಿಗಳಲ್ಲಿ ಸೆಟ್ಟಿಕಾರರ ಸಂಘ. ಊರಿನ ವರ್ತಕರ ಕೂಟಕ್ಕೆ ನಖರವೆಂದು ಹೆಸರು. ಕಡಲಾಚೆಯಿಂದ ಬಂದು ನೆಲೆಸಿದ ವರ್ತಕರ ಕೂಟಕ್ಕೆ ಹಂಜಮಾನವೆಂದು ಹೆಸರು. ಹಂಜಮಾನವೆಂಬುದು ಅಂಜುಮನ್ ಎಂಬ ಪಾರಸಿ ಶಬ್ದದ ಕನ್ನಡ ರೂಪ. ಪರದೇಶದ ವರ್ತಕರ ಸಂಘವನ್ನು ಕನ್ನಡದ ಶಾಸನ ಹೆಸರಿಟ್ಟು ಕರೆಯುತ್ತದೆಯೆಂದರೆ, ಅವರು ಆ ಊರಿನಲ್ಲಿ ಕೇವಲ ಬಂದು ಹೋಗುವವರಲ್ಲ, ಮಾನ್ಯತೆಯುಳ್ಳ ಒಂದು ಕೂಟವೆಂದಾಯಿತು. ಪರವೂರಿನಲ್ಲಿ ಕನ್ನಡ ಸಂಘ ಕಟ್ಟಿಕೊಂಡಿರುವ ನಮಗೆ ಈ ಒಂದು ಶಬ್ದ ಬಹಳ ಹತ್ತಿರದ್ದು. ಪುಣೆಯಲ್ಲಿ ಇಂದು ನಾವು ಏನೋ, ಅಂದಿನ ಬಸರೂರಿನಲ್ಲಿ ಹಂಜಮಾನದವರು ಅದೇ.

ಮಹಾಲಿಂಗೇಶ್ವರನಿಂದ ಹೊರಟು ತುಳುವೇಶ್ವರನನ್ನು ಕೇಳಿಕೊಂಡು ಹೋಗಬೇಕು. ಇಲ್ಲಿ ಗೋಪುರವಿಲ್ಲ, ಮಾಡಿಲ್ಲ. ಹಳೆಯ ಗುಡಿ ಜೀರ್ಣವಾಗಿ, ಅದರ ಗೋಡೆಗಳನ್ನು ಹೆಮ್ಮರದ ಬೇರುಗಳು ಅಪ್ಪಿ ಹಿಡಿದಿವೆ. ಆ ಬೇರುಗಳ ಮಧ್ಯೆ ಶಿವಲಿಂಗ. ಕಟ್ಟಿದವರು ಹೋದರು, ಮಾಡು ಬಿದ್ದಿತು, ಮರ ಬಂದು ಗರ್ಭಗುಡಿಯಾಯಿತು. ತುಳುನಾಡಿನ ಹೆಸರನ್ನು ಹೊತ್ತ ಈ ದೇವರ ಮುಂದೆ ಚಪ್ಪಲಿ ಬಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ನಿಂತವರಿಗೆ ಬಸರೂರಿನ ಕಥೆಯ ಅರ್ಧ ಭಾಗ ಯಾರೂ ಹೇಳದೆಯೇ ತಿಳಿಯುತ್ತದೆ.

ಅಕ್ಕಿಯ ಬಂದರು

ಅಲ್ಲಿಂದ ವಾರಾಹಿಯ ದಂಡೆಗೆ ಇಳಿಯಿರಿ. ಈಗ ಅಲ್ಲಿ ಹಡಗಿಲ್ಲ. ಈ ಕಾಲದ ದೊಡ್ಡ ಹಡಗುಗಳು ಇಂಥ ನದಿಯನ್ನು ಹತ್ತಲಾರವು. ಆದರೆ 1342ರ ಸುಮಾರಿಗೆ ಮೊರಾಕ್ಕೊ ದೇಶದ ಇಬ್ನ್ ಬತೂತಾ ಹಾದು ಹೋದಾಗ, ದೊಡ್ಡ ಅಳಿವೆಯ ಮೇಲಿರುವ, ತೆಂಗಿನ ಮರಗಳು ತುಂಬಿದ ಚಿಕ್ಕ ಊರೆಂದು ಈ ಸ್ಥಳವನ್ನು ಬಣ್ಣಿಸಿದನು. ಅವನ ಬಾಯಲ್ಲಿ ಇದರ ಹೆಸರು ಅಬು ಸರೂರ್. ಇದೇ ಕರಾವಳಿಯ ದಾರಿಯ ಬಗ್ಗೆ ಅವನು ಇನ್ನೊಂದನ್ನು ಹೇಳಿದ್ದಾನೆ: ಅರ್ಧರ್ಧ ಮೈಲಿಗೊಂದು ಮರದ ಚಾವಡಿ, ಕುಳಿತುಕೊಳ್ಳಲು ಜಗಲಿ, ಪಕ್ಕದಲ್ಲಿ ಬಾವಿ, ಬಂದವರಿಗೆಲ್ಲ ನೀರು ಕೊಡಲು ಒಬ್ಬ ಆಳು. ಸ್ವಧರ್ಮದವರಿಗೆ ಪಾತ್ರೆಯಲ್ಲಿಯೂ ತನ್ನಂಥ ಮುಸಲ್ಮಾನರಿಗೆ ಬೊಗಸೆಗೆ ಹೊಯ್ದೂ ಕೊಡುತ್ತಿದ್ದರೆಂಬುದನ್ನು ಅವನು ಬಿಡದೆ ಬರೆದಿದ್ದಾನೆ. ಭೇದವಿತ್ತು, ಆದರೂ ಬಾಯಾರಿದವನನ್ನು ಹಾಗೆಯೇ ಕಳಿಸುತ್ತಿರಲಿಲ್ಲ. ದಾರಿಹೋಕರ ಸೇವೆಯನ್ನೇ ಕಸುಬಾಗಿ ಮಾಡಿಕೊಂಡ ನಮ್ಮ ಜನಕ್ಕೆ ಆ ಅರವಟ್ಟಿಗೆಗಳೇ ಹಿರಿಯರೆಂದರೆ ತಪ್ಪಾಗದು. ಲೋಟದ ಭೇದವನ್ನು ಬಿಟ್ಟು, ನೀರು ಕೊಡುವ ಗುಣವನ್ನು ಉಳಿಸಿಕೊಳ್ಳುವುದು ನಮ್ಮ ಪಾಲಿನ ಕೆಲಸ.

ಹದಿನಾರನೆಯ ಶತಮಾನದ ಆರಂಭದಲ್ಲಿ ಪೋರ್ಚುಗಲ್ಲಿನ ದುವಾರ್ತೆ ಬಾರ್ಬೋಸನು ಬರೆದದ್ದು ಇನ್ನೂ ಸ್ಪಷ್ಟವಾಗಿದೆ. ಇಲ್ಲಿಂದ ಹೊರಡುತ್ತಿದ್ದ ಮುಖ್ಯ ಸರಕು ಅಕ್ಕಿ. ಹೊರ್ಮುಜ್, ಏಡನ್, ಮಲಬಾರು ಕಡೆಯ ಹಡಗುಗಳು ಬಂದು ಅಕ್ಕಿಯನ್ನು ತುಂಬಿಕೊಂಡು ಹೋಗುತ್ತಿದ್ದವು. ಮಲಬಾರಿನವರು ಪ್ರತಿಯಾಗಿ ತೆಂಗಿನಕಾಯಿ, ಎಣ್ಣೆ, ಬೆಲ್ಲವನ್ನು ತರುತ್ತಿದ್ದರು. ಕರಿಮೆಣಸಿನ ಹೆಸರು ದೊಡ್ಡದು. ಆದರೆ ಮೆಣಸು ತಿಂದು ಯಾರ ಹೊಟ್ಟೆಯೂ ತುಂಬುವುದಿಲ್ಲ. ಗೋವೆಯಲ್ಲಿ ರಾಜಧಾನಿ ಕಟ್ಟಿದ ಪೋರ್ಚುಗೀಜರು ಊಟಕ್ಕೆ ಈ ಕನ್ನಡ ಕರಾವಳಿಯ ಅಕ್ಕಿಯನ್ನೇ ನೆಚ್ಚಿದ್ದರು. ಕೋಟೆಯನ್ನೂ ಕಪ್ಪವನ್ನೂ ಅವರು ಬಯಸಿದ್ದರ ಹಿಂದೆ ಈ ಅನ್ನದ ಚಿಂತೆಯಿತ್ತು. ಅಕ್ಕಿಯ ದರ ಏರಿದ ದಿನ ಹೋಟೆಲಿನ ಯಜಮಾನನಿಗೆ ನಿದ್ದೆ ಬಾರದೆಂಬುದನ್ನು ಅನುಭವದಿಂದ ಬಲ್ಲ ನಮಗೆ, ಗೋವೆಯ ವೈಸರಾಯನ ಕಳವಳ ಚೆನ್ನಾಗಿ ಅರ್ಥವಾಗುತ್ತದೆ.

ಪುಣೆಯೂ ಬಸರೂರೂ

ಈ ದಂಡೆಯಲ್ಲಿ ನಿಂತೇ ಕಿರ್ದಿಯ ಇನ್ನೊಂದು ಪುಟವನ್ನು ತೆರೆಯಬೇಕು. 1665ರ ಫೆಬ್ರವರಿಯಲ್ಲಿ ಶಿವಾಜಿ ಮಹಾರಾಜರು ಮಾಲವಣದಿಂದ 85 ಸಣ್ಣ ಯುದ್ಧನೌಕೆಗಳನ್ನೂ 3 ದೊಡ್ಡ ಹಡಗುಗಳನ್ನೂ ಕೂಡಿಕೊಂಡು ಸ್ವತಃ ಕಡಲ ಮೇಲೆ ಹೊರಟರು. ಗೋವೆಯನ್ನು ದಾಟಿ ಬಸರೂರಿಗೆ ಬಂದಿಳಿದು, ಊರನ್ನು ಸೂರೆಗೊಂಡು, ಅಪಾರ ದ್ರವ್ಯವನ್ನು ಒಯ್ದರು. ಹಿಂದಿರುಗುವಾಗ ಗೋಕರ್ಣದಲ್ಲಿ ತೀರ್ಥಸ್ನಾನ ಮಾಡಿದರು. ಅಲ್ಲಿಂದ 4000 ಕಾಲಾಳುಗಳೊಡನೆ ಅಂಕೋಲೆಗೆ ಬಂದು, ನದಿಗಳನ್ನು ದಾಟಿಸಲು 12 ನೌಕೆಗಳನ್ನು ಮಾತ್ರ ಉಳಿಸಿಕೊಂಡು ಮಿಕ್ಕವನ್ನು ಮುಂದಕ್ಕೆ ಕಳುಹಿದರು. ಫೆಬ್ರವರಿ 22ರಂದು ಕಾರವಾರದ ಬಳಿ ಬೀಡುಬಿಟ್ಟಾಗ ಅಲ್ಲಿನ ವರ್ತಕರಿಂದ ಹಣವೆತ್ತಲಾಯಿತು. ಇಂಗ್ಲಿಷರ ಕೋಠಿಯವರು ತಮ್ಮ ಪಾಲೆಂದು 112 ಪೌಂಡು ತೆತ್ತರು. ಈ ವಿವರ ನಮಗೆ ಉಳಿದು ಬಂದದ್ದು ಮುಖ್ಯವಾಗಿ ಆ ಕೋಠಿಯ ಗುಮಾಸ್ತರು ಬರೆದ ಕಾಗದಗಳಿಂದ.

ಆಗ ಮಹಾರಾಜರ ಪರಿಸ್ಥಿತಿ ಸುಲಭದ್ದಾಗಿರಲಿಲ್ಲ. ಒಂದು ಕಡೆಗೆ ಬಿಜಾಪುರ, ಇನ್ನೊಂದು ಕಡೆಗೆ ಮೊಗಲರು. ಅದೇ ಮಾರ್ಚಿಯಲ್ಲಿ ಮಿರ್ಜಾ ರಾಜಾ ಜಯಸಿಂಗನು ಪುಣೆಗೆ ಬಂದು ಪುರಂದರದ ಕೋಟೆಗೆ ಮುತ್ತಿಗೆ ಹಾಕಿದನು. ಜೂನಿನಲ್ಲಿ ಆದ ಪುರಂದರದ ಒಪ್ಪಂದದಂತೆ 23 ಕೋಟೆಗಳನ್ನು ಬಿಟ್ಟುಕೊಟ್ಟು 12ನ್ನು ಮಾತ್ರ ಇಟ್ಟುಕೊಳ್ಳಬೇಕಾಯಿತು. ದಂಡು ಸಾಕಲು ಹಣ ಬೇಕು, ಹಣವಿದ್ದದ್ದು ಬಂದರುಗಳಲ್ಲಿ. ಹಿಂದಿನ ವರ್ಷ ಸೂರತ್, ಈ ವರ್ಷ ಬಸರೂರು. ಆ ಕಾಲದ ಅರಸರೆಲ್ಲರ ನಡೆಯೂ ಹೀಗೆಯೇ ಇತ್ತು.

ಈಚೆಗೆ ಕೆಲವರು, ಬಸರೂರನ್ನು ಪೋರ್ಚುಗೀಜರಿಂದ ಬಿಡಿಸುವುದಕ್ಕಾಗಿ ಈ ದಂಡಯಾತ್ರೆ ನಡೆಯಿತೆಂದು ಹೇಳುವುದನ್ನು ಕೇಳಿದ್ದೇವೆ. ಮೇಲೆ ನೆನಪಿನಲ್ಲಿಡಲು ಹೇಳಿದ ಇಸವಿಯನ್ನು ಈಗ ತೆಗೆಯಿರಿ. ಪೋರ್ಚುಗೀಜರ ಕೋಟೆ ಕೆಳದಿಯವರ ಕೈಗೆ ಬಂದು ಆಗಲೇ ಹತ್ತು ವರ್ಷಗಳ ಮೇಲಾಗಿತ್ತು. 1665ರಲ್ಲಿ ಸೂರೆಯಾದದ್ದು ಕೆಳದಿ ರಾಜ್ಯದ ಊರು, ನಮ್ಮ ವರ್ತಕರ ಗಂಟು. ಮಹಾರಾಜರ ಆಸ್ಥಾನದ ಕಡೆಯವನೇ ಆದ ಕೃಷ್ಣಾಜಿ ಅನಂತ ಸಭಾಸದನ ಬಖರಿನಲ್ಲಿಯೂ ಇದನ್ನು ಲೂಟಿಯೆಂದೇ ಹೇಳಿದೆ. ಅವನಿಗೆ ಮರೆಮಾಚಬೇಕೆನಿಸದ ಮಾತನ್ನು ನಾವೇಕೆ ಮರೆಮಾಚಬೇಕು?

ಹಾಗೆಂದು ಇದನ್ನು ಹಗೆಯ ಮಾತಾಗಿ ಆಡುವುದೂ ಸಲ್ಲದು. ಈ ಪುಣೆಯ ನೀರು ಕುಡಿದು, ಈ ಜನರ ವಿಶ್ವಾಸದಿಂದ ನಮ್ಮ ಒಲೆಗಳು ಉರಿಯುತ್ತಿವೆ. ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಅದು ಅರ್ಧ ಲೆಕ್ಕವೇ ಸರಿ. ಮಹಾರಾಜರು ತೀರಿಕೊಂಡ ಮೇಲೆ, 1689ರಲ್ಲಿ ಸಂಭಾಜಿಯನ್ನು ಔರಂಗಜೇಬನು ಕೊಲ್ಲಿಸಿದನು. ಕಿರಿಯ ಮಗನಾದ ರಾಜಾರಾಮನು ಪ್ರಾಣ ಉಳಿಸಿಕೊಂಡು ದಕ್ಷಿಣದ ಜಿಂಜಿಗೆ ಓಡಬೇಕಾಯಿತು. ದಾರಿಯಲ್ಲಿ ಅವನಿಗೆ ಆಶ್ರಯ ಕೊಟ್ಟವಳು ಯಾರು? ಕೆಳದಿಯ ರಾಣಿ ಚೆನ್ನಮ್ಮ. ಅವನನ್ನು ಸುರಕ್ಷಿತವಾಗಿ ಮುಂದಕ್ಕೆ ಕಳುಹಿಸಿ, ಅದಕ್ಕಾಗಿ ಮೇಲೆ ಬಿದ್ದ ಮೊಗಲರ ದಂಡನ್ನೂ ಅವಳು ಎದುರಿಸಿದಳು. ಬಸರೂರಿನ ಸೂರೆಯಾಗಿ ಆಗ ಬರಿಯ 24 ವರ್ಷ. ಊರನ್ನು ಸೂರೆಗೊಂಡವರ ಮಗನೇ ಬಾಗಿಲಿಗೆ ಬಂದು ನಿಂತಾಗ ಅದೇ ರಾಜ್ಯವು ಹಳೆಯ ಖಾತೆಯನ್ನು ತೆರೆಯಲಿಲ್ಲ, ಬಾಗಿಲನ್ನು ತೆರೆಯಿತು. ಮೇಲೆ ಹೇಳಿದ ಬಖರನ್ನು ಸಭಾಸದನು ಬರೆದದ್ದು ಈ ರಾಜಾರಾಮನ ಅಪ್ಪಣೆಯಿಂದಲೇ.

ವಾಚಕರಲ್ಲಿ ವಿಜ್ಞಾಪನೆ

ಆದುದರಿಂದ ಮುಂದಿನ ರಜೆಯಲ್ಲಿ ಊರಿಗೆ ಹೋಗುವ ಮಿತ್ರರು ಒಂದು ಬೆಳಗನ್ನು ಬಸರೂರಿಗಾಗಿ ತೆಗೆದಿಡಬೇಕೆಂದು ಕೋರುತ್ತೇವೆ. ಮಕ್ಕಳನ್ನು ಕರೆದುಕೊಂಡು ಹೋಗಿರಿ. ಪುಣೆಯಲ್ಲಿ ಮರಾಠಿ ಶಾಲೆಯಲ್ಲಿ ಓದುವ ಹುಡುಗರಿದ್ದರೆ ಅವರಿಗಂತೂ ಇದು ಅವಶ್ಯ. ಶಾಸನದ ಕಲ್ಲಿಗೆ ಎಣ್ಣೆ, ಸುಣ್ಣ, ಸೀಮೆಸುಣ್ಣ ಹಚ್ಚಬೇಡಿರಿ; ಅದರ ಮೇಲೆ ಕುಳಿತುಕೊಳ್ಳಬೇಡಿರಿ. ದೇವಾಲಯದವರ ಅಪ್ಪಣೆಯಿಲ್ಲದೆ ಪಟ ತೆಗೆಯಬೇಡಿರಿ. ಹೊಲದ ಬದುವಿನಲ್ಲಿಯೋ ಬಾವಿಯ ಕಟ್ಟೆಯಲ್ಲಿಯೋ ಅಕ್ಷರವಿರುವ ಕಲ್ಲು ಕಂಡರೆ ಕಿತ್ತು ತರದೆ, ಊರಿನ ಪಂಚಾಯತಿಗೂ ಸಮೀಪದ ಕಾಲೇಜಿನ ಇತಿಹಾಸದ ಅಧ್ಯಾಪಕರಿಗೂ ತಿಳಿಸಿರಿ.

ಮರಳಿ ಬಂದ ಮೇಲೆ, ಆ ನಿತ್ಯದ ಗಿರಾಕಿ ಮತ್ತೆ ಕೇಳಿದಾಗ, ಕಾಫಿಯ ಲೋಟ ಮುಂದಿಟ್ಟು ಪೂರ್ತಿ ಲೆಕ್ಕವನ್ನು ಹೇಳಿರಿ: ಅಕ್ಕಿಯ ಹಡಗುಗಳನ್ನು, ಹಂಜಮಾನವನ್ನು, 1665ರ ಸೂರೆಯನ್ನು, 1689ರ ಆಶ್ರಯವನ್ನು. ಇತಿಹಾಸದ ಮೇಲೆ ಪ್ರೀತಿಯುಳ್ಳ ಈ ಪಟ್ಟಣದವರು ಅದರಿಂದ ಬೇಸರಪಟ್ಟಾರೆಂದು ನಮಗೆ ತೋರುವುದಿಲ್ಲ. ಬಸರೂರಿಗೆ ಗೊತ್ತುಪಡಿಸಿದ ಮಾರ್ಗದರ್ಶಕರಿಲ್ಲವೆಂಬ ಕೊರತೆಯೂ ಅಷ್ಟರ ಮಟ್ಟಿಗೆ ನೀಗಿದಂತಾಗುವುದು.